ಡಿಕಾಕ್ಷನ್ ಇಳಿಯುವ ತನಕ ಕಾಯದವರು

ಮಕ್ಕಳೇ, ಅಜ್ಜಿ ಫಿಲ್ಟರಿಗೆ ಕಾಫಿಪುಡಿ ತುಂಬಿ, ಕುದಿನೀರು ಸುರಿದು, ಡಿಕಾಕ್ಷನ್ ಇಳಿಯಲಿ ಎಂದು ಬೇರೆ ಕೆಲಸಕ್ಕೆ ಹೋಗುವುದನ್ನು ನೋಡಿದ್ದೀರಲ್ಲ? ಇಟಲಿಯವರಿಗೆ ಅಷ್ಟು ತಾಳ್ಮೆ ಇರಲಿಲ್ಲ. ಅರ್ಧ ನಿಮಿಷದಲ್ಲಿ ಕಾಫಿ ಇಳಿಯಬೇಕೆಂದು ಅವರು ಪಟ್ಟ ಪಾಡೇ ಎಸ್ಪ್ರೆಸೊ ಯಂತ್ರದ ಕಥೆ.

ಮಗಳ ಮನೆಗೆಂದು ಮಿಲಾನ್‌ಗೆ ಹೋಗಿದ್ದಾಗ ಆ ಕಥೆಯನ್ನು ಕಣ್ಣಾರೆ ನೋಡಿದೆ. ಊರಿನ ಹತ್ತಿರದ ಬಿನಾಸ್ಕೊದಲ್ಲಿ ‘ಮುಮಾಕ್’ ಎಂಬ ಕಾಫಿ ಯಂತ್ರಗಳ ಸಂಗ್ರಹಾಲಯವಿದೆ. ಚಿಂಬಾಲಿ ಎಂಬ ಯಂತ್ರ ತಯಾರಕರು ತಮ್ಮ ಸಂಸ್ಥೆಗೆ ನೂರು ವರ್ಷ ತುಂಬಿದಾಗ, 2012ರಲ್ಲಿ, ಅದನ್ನು ತೆರೆದರು. ಒಳಗೆ ನೂರಕ್ಕೂ ಹೆಚ್ಚು ಯಂತ್ರಗಳು.

ಮೊದಲ ಕೋಣೆಯಲ್ಲಿ ಆಳೆತ್ತರದ, ಫಳಫಳ ಹೊಳೆಯುವ ಯಂತ್ರಗಳು. ಮೊಮ್ಮಗಳು ಚಿನ್ನು, “ತಾತ, ನಮ್ಮೂರಿನ ಬಚ್ಚಲ ಹಂಡೆಗೆ ಟೋಪಿ ಹಾಕಿದ ಹಾಗಿದೆ!” ಎಂದಳು. ಅವಳು ಹೇಳಿದ್ದು ಸುಳ್ಳಲ್ಲ. ಅದರ ಹೊಟ್ಟೆಯಲ್ಲಿ ನೀರು ಕುದಿದು, ಹಬೆಯೇ ನೀರನ್ನು ಕಾಫಿಪುಡಿಯ ಮೂಲಕ ತಳ್ಳುತ್ತಿತ್ತು.

ಟುರಿನ್‌ನ ಏಂಜೆಲೊ ಮೊರಿಯೊಂಡೊ 1884ರ ವಸ್ತುಪ್ರದರ್ಶನದಲ್ಲಿ ಇಂಥದೊಂದು ಯಂತ್ರ ತೋರಿಸಿದ. ಅದರಲ್ಲಿ ಒಟ್ಟಿಗೇ ಬಹಳ ಕಾಫಿ ಇಳಿಯುತ್ತಿತ್ತು. ಒಂದೊಂದೇ ಬಟ್ಟಲು ಇಳಿಸುವ ದಾರಿ ಕಂಡವನು ಮಿಲಾನ್‌ನ ಲುಯಿಜಿ ಬೆಝೆರಾ, 1901ರಲ್ಲಿ. ಅವನಿಂದ ಹಕ್ಕು ಕೊಂಡ ಪವೋನಿ ಅದನ್ನು ಅಂಗಡಿಗಳಿಗೆ ಮುಟ್ಟಿಸಿದ. ಆದರೆ ಹಬೆಗೆ ಬಿಸಿ ಹೆಚ್ಚು, ಬಲ ಕಡಿಮೆ. ಕಾಫಿ ಸೀದು ಕಹಿಯಾಗುತ್ತಿತ್ತು.

ಮಿಲಾನ್‌ನಲ್ಲಿ ಕಾಫಿ ಅಂಗಡಿ ಇದ್ದ ಅಕಿಲ್ಲೆ ಗಾಜ್ಜ ಹಬೆಯನ್ನೇ ಕೈಬಿಟ್ಟ. 1948ರ ಹೊತ್ತಿಗೆ ಬಂದ ಅವನ ಯಂತ್ರದಲ್ಲಿ ಉದ್ದನೆಯ ಹಿಡಿ, ಒಳಗೆ ಸ್ಪ್ರಿಂಗು. ಹಿಡಿ ಎಳೆದರೆ ಸ್ಪ್ರಿಂಗು ಕುಗ್ಗುತ್ತದೆ. ಬಿಟ್ಟರೆ ಹಿಗ್ಗಿ ನೀರನ್ನು ಜೋರಾಗಿ ಒತ್ತುತ್ತದೆ. ಆಗ ಮೊದಲ ಬಾರಿಗೆ ಕಾಫಿಯ ಮೇಲೆ ಹೊಂಬಣ್ಣದ ನೊರೆ ಬಂತು! ಇಂದು ಆ ನೊರೆಗಾಗಿ ಇಟಲಿಯವರು ಬೆರೆಸುವ ರೊಬಸ್ಟಾ ಬೀಜದಲ್ಲಿ ನಮ್ಮ ಕೊಡಗು, ಚಿಕ್ಕಮಗಳೂರಿನದೂ ಇದೆ.

ಹಿಡಿ ಎಳೆದೆಳೆದು ಕೈ ಸೋಲುತ್ತಿತ್ತು. ಅದಕ್ಕೆ 1961ರಲ್ಲಿ ವಿದ್ಯುತ್ ಪಂಪಿನ ‘ಇ 61’ ಬಂತು. ಆ ವರ್ಷ ಇಟಲಿಯಲ್ಲಿ ಕಂಡ ಸೂರ್ಯಗ್ರಹಣದ ನೆನಪಿಗೆ ಆ ಹೆಸರು. ನೋಡಿ, ಒಂದು ಯಂತ್ರದ ಕೊರತೆಯೇ ಮುಂದಿನ ಯಂತ್ರಕ್ಕೆ ತಾಯಿ.

“ಹೊಸದು ಬಂದಾಗ ಹಳೇದನ್ನ ಯಾರೂ ಗುಜರಿಗೆ ಹಾಕಲಿಲ್ವಾ ತಾತ?” ಚಿನ್ನು ಕೇಳಿದಳು.

“ಎಷ್ಟೋ ಹಾಕಿರಬೇಕು ಪುಟ್ಟಿ. ಎನ್ರಿಕೊ ಮಾಲ್ಟೋನಿ ಅನ್ನುವವರು ಹಳೆಯ ಯಂತ್ರಗಳನ್ನ ಹುಡುಕಿ ಹುಡುಕಿ ಕೂಡಿಸಿದರು. ಅವೂ ಇಲ್ಲಿವೆ.”

“ನೀನು ಹಾಕಿದೀಯಾ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. ನಮ್ಮಮ್ಮನ ಹಿತ್ತಾಳೆ ಫಿಲ್ಟರನ್ನು, ಸ್ಟೀಲಿನದು ಬಂದ ಮೇಲೆ, ನಾನೇ ತೂಕಕ್ಕೆ ಹಾಕಿದ್ದೆ. ಅದರ ಮೇಲೆ ಅಮ್ಮನ ಹೆಸರು ಕೊರೆಸಿತ್ತು. ಅಮ್ಮ ಅಂದು ಏನೂ ಅನ್ನಲಿಲ್ಲ. ಆ ದಿನ ಕಾಫಿಯನ್ನೂ ಕುಡಿಯಲಿಲ್ಲ.

ಚಿನ್ನು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಟಿಕೆಟನ್ನು ತಿರುವಿ, ಪೆನ್ಸಿಲ್ ಕೊಟ್ಟು, “ಹೇಗಿತ್ತು, ಬರಿ” ಎಂದಳು. ಮೇಲಿನ ಡಬ್ಬಿ, ಕೆಳಗಿನ ಡಬ್ಬಿ, ಪುಡಿ ಅದುಮುವ ಬಿಲ್ಲೆ ಬರೆದೆ. ಅಮ್ಮನ ಹೆಸರನ್ನೂ ಬರೆದೆ. ಆ ಟಿಕೆಟು ಈಗ ಅವಳ ಪುಸ್ತಕದಲ್ಲಿದೆ.

ಈ ವಾರ ನಿಮಗೊಂದು ಕೆಲಸ. ಮನೆಯಲ್ಲಿ ಎಲ್ಲಕ್ಕಿಂತ ಹಳೆಯ ಪಾತ್ರೆ ಯಾವುದು, ಯಾರದು ಎಂದು ಅಜ್ಜಿಯನ್ನು ಕೇಳಿ ಬರೆದಿಡಿ. ಅಜ್ಜ ಅಜ್ಜಿಯರೇ, ಗುಜರಿಯವನು ಬಾಗಿಲಿಗೆ ಬಂದಾಗ ಒಮ್ಮೆ ಮೊಮ್ಮಕ್ಕಳನ್ನೂ ಕೇಳಿ.