ಗೃಹವೈದ್ಯ: ಜೀವಕಣದೊಳಗಿನ ನೂಲು

ಕೊಯ್ದು ತೆಗೆಸಿದ ಗಂಟನ್ನು ಪರೀಕ್ಷೆಗೆ ಕಳುಹದೆ ಬಿಸುಡಬಾರದೆಂದು ಮಾದನಹಿಪ್ಪರಗಾದ ವಾಚಕರಲ್ಲಿಯೂ ಇತರರಲ್ಲಿಯೂ ನಾವು ವಿನಂತಿಸುತ್ತೇವೆ.

1972ರಲ್ಲಿ ಟೋಕರ್ ಎಂಬ ವೈದ್ಯರು ಚರ್ಮದ ಒಂದು ಅರ್ಬುದವನ್ನು ವರ್ಣಿಸಿದರು. ಈಗ ಅದಕ್ಕೆ ಮರ್ಕೆಲ್ ಕಣದ ಅರ್ಬುದವೆಂದು ಹೆಸರು. ನಮ್ಮವರಲ್ಲಿ ತೀರ ವಿರಳ. ಬಂದರೆ ಬಲು ಕ್ರೂರ. ನೋವಿಲ್ಲದ ಗಂಟಾಗಿ ಮೊಳೆತು ಬೇಗನೆ ಬೆಳೆಯುವುದು. ಶ್ವಾಸಕೋಶದಿಂದ ಹರಡಿಬಂದ ಬೇರೊಂದು ಅರ್ಬುದವೂ ಸೂಕ್ಷ್ಮದರ್ಶಕದಲ್ಲಿ ಇದರಂತೆಯೇ ತೋರುವುದರಿಂದ ಬರಿಯ ನೋಟ ಸಾಲದು.

ಭೇದವನ್ನು ತಿಳಿಸುವುದು ಕೆರಾಟಿನ್ ಎಂಬ ಸಸಾರಜನಕದ ನೂಲು. ನಮ್ಮ ಕೂದಲು, ಉಗುರುಗಳೂ ಇದೇ ಕುಲದವು. ಸಾಮಾನ್ಯ ಚರ್ಮಕಣದಲ್ಲಿ ನೂಲು ಬಲೆಯಂತೆ ಹರಡಿರುತ್ತದೆ. ಮರ್ಕೆಲ್ ಅರ್ಬುದದಲ್ಲಿಯಾದರೋ, ಇಪ್ಪತ್ತನೆಯ ಸಂಖ್ಯೆಯ ಕೆರಾಟಿನ್ ಕಣಬೀಜದ ಪಕ್ಕದಲ್ಲಿ ಉಂಡೆಗಟ್ಟಿ, ಬಣ್ಣವೇರಿಸಿದಾಗ ಬೊಟ್ಟಿನಂತೆ ಕಾಣುವುದು. ಶ್ವಾಸಕೋಶದ್ದರಲ್ಲಿ ಇದು ಸಾಮಾನ್ಯವಾಗಿ ಇರದು. ಎರಡಕ್ಕೂ ಚಿಕಿತ್ಸೆ ಬೇರೆ.

ಕಲಬುರಗಿಯಲ್ಲಿಯೇ ಕಿದ್ವಾಯಿ ಸಂಸ್ಥೆಯ ಶಾಖೆಯುಂಟು. ಗಂಟನ್ನು ಫಾರ್ಮಲಿನ್ ದ್ರವದಲ್ಲಿ ಹಾಕಿಸಿ, ಹೆಸರಿನ ಚೀಟಿ ಅಂಟಿಸಿ ಕಳುಹಿರಿ, ನೀರಿನಲ್ಲಿಟ್ಟರೆ ಕೆಡುವುದು.