ಖಾಲಿ ಕುರ್ಚಿಯಿಂದ ಯಾರಿಗೆ ಲಾಭ?

ನಮ್ಮ ಭಾಗದಲ್ಲಿ ಶಾಸಕರ ಹೆಸರು ಕೇಳಿದರೆ ಶಾಲೆಗೆ ಹೋಗದ ಮಗುವೂ ಹೇಳುತ್ತದೆ. ಊರಿನ ನಗರಸಭೆ ಇಲ್ಲವೇ ಪುರಸಭೆ ಅಧ್ಯಕ್ಷರು ಯಾರು ಎಂದು ಕೇಳಿ ನೋಡಿ. ಗೋಕಾಕದಲ್ಲಿ, ಮೂಡಲಗಿಯಲ್ಲಿ, ಹುಕ್ಕೇರಿಯಲ್ಲಿ ನಾನು ಕೇಳಿದ್ದೇನೆ. ಹೆಚ್ಚಿನ ಸಲ ನನಗೆ ಸಿಕ್ಕಿದ್ದು ಉತ್ತರವಲ್ಲ, ಮರುಪ್ರಶ್ನೆ: "ಈಗ ಅಧ್ಯಕ್ಷರು ಅದಾರೇನ್ರಿ?"

ಈ ಮಾತನ್ನು ಜನರ ಅಜ್ಞಾನ ಎಂದು ತಳ್ಳಿಹಾಕುವ ಹಾಗಿಲ್ಲ. ಕಳೆದ ಕೆಲವು ವರ್ಷಗಳ ಲೆಕ್ಕ ತೆಗೆದರೆ ಅದು ಬಹಳ ತಿಳಿವಳಿಕೆಯ ಪ್ರಶ್ನೆ.

2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಮತದಾನವಾಯಿತು. ಗೋಕಾಕ ನಗರಸಭೆಗೆ 31, ಮೂಡಲಗಿ ಪುರಸಭೆಗೆ 23, ಹುಕ್ಕೇರಿ ಪುರಸಭೆಗೆ 23. ಹೀಗೆ ಮೂರು ಊರುಗಳಿಗೆ 77 ಸದಸ್ಯರು. ಸೆಪ್ಟೆಂಬರ್ 3ಕ್ಕೆ ಫಲಿತಾಂಶವೂ ಬಂತು. ಗುಲಾಲು ಎರಚಿದರು, ಪಟಾಕಿ ಹೊಡೆದರು. ಅಧ್ಯಕ್ಷರ ಕುರ್ಚಿಯಲ್ಲಿ ಮಾತ್ರ ಯಾರೂ ಕೂರಲಿಲ್ಲ. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿತು. ಪಟ್ಟಿ ಬದಲಾಯಿತು, ಮತ್ತೆ ವ್ಯಾಜ್ಯ. ಕುರ್ಚಿ ತುಂಬುವ ಹೊತ್ತಿಗೆ 2020ರ ಕೊನೆ ಬಂದಿತ್ತು. ಎರಡು ವರ್ಷಕ್ಕೂ ಹೆಚ್ಚು ಕಾಲ ಗೆದ್ದವರು ಹೆಸರಿಗೆ ಸದಸ್ಯರು, ಆಡಳಿತ ಮಾತ್ರ ಅಧಿಕಾರಿಗಳದ್ದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಮತದಾರ ಕೊಟ್ಟ ವರವನ್ನು ಸರ್ಕಾರ ತಡೆದಿಟ್ಟುಕೊಂಡಿತು.

ಆ ಎರಡು ವರ್ಷಗಳ ನಡುವೆ ಏನು ನಡೆಯಿತೆಂದು ಗೋಕಾಕದವರಿಗೆ ನೆನಪಿಸಬೇಕಿಲ್ಲ. 2019ರ ಆಗಸ್ಟ್ ಮೊದಲ ವಾರದಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಊರೊಳಗೆ ನುಗ್ಗಿದವು. ಆಗ ನಗರಸಭೆಗೆ ಅಧ್ಯಕ್ಷರಿರಲಿಲ್ಲ. ಊರಿಗೆ ಶಾಸಕರೂ ಇರಲಿಲ್ಲ, ಜುಲೈ ಕೊನೆಯಲ್ಲಷ್ಟೇ ಅನರ್ಹಗೊಂಡಿದ್ದರು. ರಾಜ್ಯದಲ್ಲಿ ಮಂತ್ರಿಮಂಡಲವೂ ಇರಲಿಲ್ಲ, ಆಗಸ್ಟ್ 20ರವರೆಗೆ ಮುಖ್ಯಮಂತ್ರಿ ಒಬ್ಬರೇ. 2011ರ ಜನಗಣತಿಯಲ್ಲೇ 79 ಸಾವಿರ ಜನಸಂಖ್ಯೆಯಿದ್ದ ಊರು ಮುಳುಗುವಾಗ, ಉತ್ತರ ಕೊಡಬೇಕಾದ ಮೂರು ಕುರ್ಚಿಗಳೂ ಖಾಲಿ.

ಮುಂದೇನಾಯಿತು ನೋಡಿ. ಮಂತ್ರಿಗಳು ಆ ತಿಂಗಳೇ ಬಂದರು. ಶಾಸಕ ಸ್ಥಾನಕ್ಕೆ ಡಿಸೆಂಬರ್ 5ರಂದು ಉಪಚುನಾವಣೆ ನಡೆದೇ ಹೋಯಿತು. ವಿಧಾನಸಭೆಯ ಸ್ಥಾನ ತೆರವಾದರೆ ಆರು ತಿಂಗಳೊಳಗೆ ತುಂಬಬೇಕೆಂದು ಪ್ರಜಾಪ್ರತಿನಿಧಿ ಕಾಯ್ದೆ ಹೇಳುತ್ತದೆ. ನಗರಸಭೆಯ ಕುರ್ಚಿ ಇನ್ನೂ ಒಂದು ವರ್ಷ ಧೂಳು ತಿಂದಿತು. ಶಾಸಕರ ಕುರ್ಚಿಗೆ ಗಡುವಿದೆ, ಅಧ್ಯಕ್ಷರ ಕುರ್ಚಿಗೆ ಯಾಕಿಲ್ಲ?

ಕಾರಣ ಸಂವಿಧಾನದಲ್ಲೇ ಉಳಿದ ಒಂದು ಕಿಂಡಿ. 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿ ಪುರಸಭೆಗಳಿಗೆ ಐದು ವರ್ಷದ ಅವಧಿ ಕೊಟ್ಟಿತು, ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಯಬೇಕೆಂದಿತು. ಆದರೆ ಅಧ್ಯಕ್ಷರನ್ನು ಹೇಗೆ ಆರಿಸಬೇಕು, ಆ ಸ್ಥಾನದ ಮೀಸಲಾತಿ ಹೇಗಿರಬೇಕು ಎಂಬುದನ್ನು ರಾಜ್ಯಗಳ ಕಾನೂನಿಗೆ ಬಿಟ್ಟಿತು. ನಮ್ಮಲ್ಲಿ ಅಧ್ಯಕ್ಷರ ಅವಧಿ 30 ತಿಂಗಳು. ಪ್ರತಿ ಅವಧಿಗೂ ಮೀಸಲಾತಿ ಪಟ್ಟಿ ಹೊರಡಿಸುವುದು ಸರ್ಕಾರ. ಪಟ್ಟಿ ತಡವಾದರೆ, ಸೋರುವ ಹಾಗೆ ಬರೆದ ಪಟ್ಟಿ ನ್ಯಾಯಾಲಯದಲ್ಲಿ ಬಿದ್ದರೆ, ಕುರ್ಚಿ ಖಾಲಿ. ಯಾರಿಗೂ ದಂಡವಿಲ್ಲ.

ಒಮ್ಮೆ ಆದದ್ದನ್ನು ಆಕಸ್ಮಿಕ ಎನ್ನಬಹುದಿತ್ತು. ಆದರೆ 2023ರಲ್ಲಿ ಮೊದಲ ಅವಧಿ ಮುಗಿದಾಗ ಅದೇ ಆಟ ಮರುಕಳಿಸಿತು. ಎರಡನೇ ಅವಧಿಯ ಮೀಸಲಾತಿ ಪಟ್ಟಿ ಹೊರಬಿದ್ದದ್ದು 2024ರ ಆಗಸ್ಟ್‌ನಲ್ಲಿ. ಮತ್ತೆ ಒಂದು ವರ್ಷಕ್ಕೂ ಹೆಚ್ಚು ಕಾಲ ಆಡಳಿತಾಧಿಕಾರಿಗಳ ರಾಜ್ಯ. ಈ ನಡುವೆ ಬೆಂಗಳೂರಿನಲ್ಲಿ ಕುಮಾರಸ್ವಾಮಿ, ಯಡಿಯೂರಪ್ಪ, ಬೊಮ್ಮಾಯಿ, ಸಿದ್ದರಾಮಯ್ಯ ಎಲ್ಲರೂ ಆಳಿದರು. ಮೂರು ಪಕ್ಷಗಳೂ ಬೇರೆಲ್ಲದರಲ್ಲಿ ಕಚ್ಚಾಡಿದವು, ಇದೊಂದರಲ್ಲಿ ಒಂದೇ ದಾರಿ ಹಿಡಿದವು.

ಸಣ್ಣ ಊರಿಗಷ್ಟೇ ಹೀಗೆ ಎಂದುಕೊಂಡರೆ ಜಿಲ್ಲಾ ಕೇಂದ್ರವನ್ನೇ ನೋಡಿ. ಬೆಳಗಾವಿ ಮಹಾನಗರ ಪಾಲಿಕೆಯ ಅವಧಿ 2019ರಲ್ಲಿ ಮುಗಿಯಿತು, ಚುನಾವಣೆ ನಡೆದದ್ದು 2021ರ ಸೆಪ್ಟೆಂಬರ್‌ನಲ್ಲಿ. 58 ವಾರ್ಡುಗಳಲ್ಲಿ 35 ಗೆದ್ದ ಪಕ್ಷಕ್ಕೆ ಸ್ಪಷ್ಟ ಬಹುಮತ, ರಾಜ್ಯದಲ್ಲೂ ಅದೇ ಪಕ್ಷದ ಸರ್ಕಾರ. ಆದರೂ ಮೇಯರ್ ಆಯ್ಕೆಯಾದದ್ದು 2023ರ ಫೆಬ್ರುವರಿ 6ರಂದು. ರಾಜಧಾನಿಯ ಕಥೆ ಇನ್ನೂ ಘೋರ. 198 ವಾರ್ಡುಗಳ ಬಿಬಿಎಂಪಿಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಚುನಾವಣೆ ನಡೆಸುವ ಬದಲು ವಾರ್ಡು ಹೆಚ್ಚಿಸಿದರು, ಕಾಯ್ದೆ ಬದಲಿಸಿದರು, ಕೊನೆಗೆ 2025ರಲ್ಲಿ ಪಾಲಿಕೆಯನ್ನೇ ಐದು ಹೋಳು ಮಾಡಿದರು. ಆ ಐದು ವರ್ಷ ಬೆಂಗಳೂರಿಗೆ ಒಬ್ಬನೇ ಒಬ್ಬ ಚುನಾಯಿತ ಕಾರ್ಪೊರೇಟರ್ ಇರಲಿಲ್ಲ.

ಹಾಗಾದರೆ ಲಾಭ ಯಾರಿಗೆ? ಅಧ್ಯಕ್ಷರಿಲ್ಲದ ಊರಿನಲ್ಲಿ ಅಧಿಕಾರಿ ಯಾರ ಮಾತು ಕೇಳುತ್ತಾನೆ? ತನ್ನ ವರ್ಗಾವಣೆ ಯಾರ ಪತ್ರದ ಮೇಲೆ ನಿಂತಿದೆಯೋ ಅವರದ್ದು. ಅಧ್ಯಕ್ಷರಿದ್ದಾಗಲೂ ಅವರ ಆಯ್ಕೆಯಲ್ಲಿ ಶಾಸಕರಿಗೂ ಸಂಸದರಿಗೂ ಮತವಿದೆ. ಮನೆ ಇಲ್ಲದವರಿಗೆ ನಿವೇಶನ ಹಂಚುವ ಆಶ್ರಯ ಸಮಿತಿಗೆ ಶಾಸಕರೇ ಅಧ್ಯಕ್ಷರು. ಕುರ್ಚಿ ಖಾಲಿಯಾದರೆ ಉಳಿದದ್ದೂ ಅವರದ್ದೇ. ತನ್ನ ವಾರ್ಡಿನ ಚರಂಡಿಗಾಗಿ ಸದಸ್ಯೆಯೊಬ್ಬರು ಶಾಸಕರ ಆಪ್ತ ಸಹಾಯಕನ ಮುಂದೆ ಕೈಕಟ್ಟಿ ನಿಲ್ಲಬೇಕಾಗುವುದು ಇದರಿಂದಲೇ.

ನಮ್ಮ ನಾಯಕರಿಗೆ ಚುನಾವಣೆ ಎಂದರೆ ಬೇಸರ ಎಂದು ಮಾತ್ರ ತಿಳಿಯಬೇಡಿ. 1969ರಿಂದ ಇರುವ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ಆಡಳಿತ ಮಂಡಳಿಗೆ 2025ರ ಸೆಪ್ಟೆಂಬರ್‌ನಲ್ಲಿ ಚುನಾವಣೆ ಬಂದಾಗ ಜಾರಕಿಹೊಳಿ, ಕತ್ತಿ ಮನೆತನಗಳು ಹೇಗೆ ಸೆಣಸಿದವೆಂದು ಇಡೀ ರಾಜ್ಯ ನೋಡಿತು. ಸಹಕಾರಿ ಸಂಘಕ್ಕಾಗಿ ಹಳ್ಳಿ ಹಳ್ಳಿ ಸುತ್ತಿದವರು, ಊರಿನ ಪುರಸಭೆಗೆ ಅಧ್ಯಕ್ಷರಿಲ್ಲದಿದ್ದಾಗ ಸದನದಲ್ಲಿ ಅದೇ ಹುರುಪು ತೋರಿಸಿದ್ದರೆ ಕೈಮುಗಿಯುತ್ತಿದ್ದೆ.

ಎರಡು ವಾದಗಳು ನನ್ನ ಕಿವಿಗೆ ಬೀಳುತ್ತಲೇ ಇರುತ್ತವೆ. ಮೊದಲನೆಯದು, ಇದೆಲ್ಲ ಮೀಸಲಾತಿಯ ತಂಟೆ ಎಂಬುದು. ಇದು ತಪ್ಪು ಮಾತ್ರವಲ್ಲ, ಕಿಡಿಗೇಡಿತನ. ಮೀಸಲಾತಿ ಇಲ್ಲದಿದ್ದರೆ ನಮ್ಮ ಊರುಗಳಲ್ಲಿ ದಲಿತ ಹೆಣ್ಣುಮಗಳು ಆ ಕುರ್ಚಿಯ ಹತ್ತಿರವೂ ಸುಳಿಯುತ್ತಿರಲಿಲ್ಲ. ಸರದಿ ಎರಡು ವರ್ಷ ತಡವಾದಾಗ ಹೆಚ್ಚು ಕಳೆದುಕೊಳ್ಳುವವರೂ ಸರದಿಗಾಗಿಯೇ ಕಾದವರು. ಉಳ್ಳವರಿಗೇನು, ಶಾಸಕರ ಮನೆಯ ಬಾಗಿಲು ಹೇಗೂ ತೆರೆದೇ ಇರುತ್ತದೆ. ತಂಟೆ ಇರುವುದು ಪಟ್ಟಿ ಬರೆಯುವ ಕೈಯಲ್ಲಿ.

ಎರಡನೆಯದು, ಸದಸ್ಯರೆಲ್ಲ ಕಳ್ಳರು, ಆಡಳಿತಾಧಿಕಾರಿಯೇ ವಾಸಿ ಎಂಬುದು. ಸದಸ್ಯರಲ್ಲಿ ಕಳ್ಳರಿಲ್ಲ ಎಂದು ನಾನು ಆಣೆ ಮಾಡಲಾರೆ. ಆದರೆ ಕೆಟ್ಟ ಸದಸ್ಯನ ಮನೆ ನಮ್ಮ ಓಣಿಯಲ್ಲೇ ಇದೆ, ಅವನನ್ನು ನಿಲ್ಲಿಸಿ ಕೇಳಬಹುದು, ಐದು ವರ್ಷಕ್ಕೆ ಕಿತ್ತು ಹಾಕಬಹುದು. ಆಡಳಿತಾಧಿಕಾರಿಯನ್ನು ಯಾವ ಮತಪೆಟ್ಟಿಗೆಯಲ್ಲಿ ಸೋಲಿಸುತ್ತೀರಿ? ಭ್ರಷ್ಟಾಚಾರವೇ ಕಾರಣವೆಂದರೆ ವಿಧಾನಸೌಧಕ್ಕೂ ಒಬ್ಬ ಆಡಳಿತಾಧಿಕಾರಿಯನ್ನು ನೇಮಿಸೋಣ, ಒಪ್ಪುತ್ತಾರೆಯೇ?

ದಾರಿ ಕಾಣದಷ್ಟು ಕಗ್ಗಂಟೇನೂ ಇದಲ್ಲ. ಪಕ್ಕದ ಕೇರಳದಲ್ಲಿ ವಾರ್ಡ್ ಪುನರ್ವಿಂಗಡಣೆ ಮಾಡುವ ಆಯೋಗಕ್ಕೆ ರಾಜ್ಯ ಚುನಾವಣಾ ಆಯುಕ್ತರೇ ಅಧ್ಯಕ್ಷರು. 1995ರಿಂದ ಅಲ್ಲಿ ಐದೈದು ವರ್ಷಕ್ಕೆ ಸ್ಥಳೀಯ ಚುನಾವಣೆ ನಡೆಯುತ್ತ ಬಂದಿದೆ, ಕೋವಿಡ್ ಕಾಲದ 2020ರಲ್ಲೂ ನಡೆಯಿತು. ನಮ್ಮಲ್ಲೂ ವಾರ್ಡ್ ವಿಂಗಡಣೆ ಮತ್ತು ಅಧ್ಯಕ್ಷ ಸ್ಥಾನದ ಮೀಸಲಾತಿ ಎರಡನ್ನೂ ಸರ್ಕಾರದ ಕೈಯಿಂದ ಕಿತ್ತು ರಾಜ್ಯ ಚುನಾವಣಾ ಆಯೋಗಕ್ಕೆ ಕೊಡಬೇಕು. ಮುಂದಿನ ನಾಲ್ಕು ಅವಧಿಗಳ ಸರದಿಯನ್ನು ಒಂದೇ ಸಲ ಪ್ರಕಟಿಸಬೇಕು, ವ್ಯಾಜ್ಯವಿದ್ದರೆ ಚುನಾವಣೆಗೆ ಮೊದಲೇ ತೀರಲಿ. ಫಲಿತಾಂಶ ಬಂದ 30 ದಿನದೊಳಗೆ ಅಧ್ಯಕ್ಷರ ಆಯ್ಕೆ ಆಗಲೇಬೇಕೆಂದು ಕಾಯ್ದೆಯಲ್ಲಿ ಬರೆಯಬೇಕು. ಆ ಆಯ್ಕೆಯಲ್ಲಿ ಶಾಸಕ, ಸಂಸದರ ಮತ ರದ್ದಾಗಬೇಕು.

ಕಾಯ್ದೆ ತಿದ್ದಬೇಕಾದವರು ಅದೇ ಶಾಸಕರು ಎಂಬುದು ನನಗೆ ಗೊತ್ತು. ಆದ್ದರಿಂದ ಕೇಳಬೇಕಾದವರು ನಾವು. ಮುಂದಿನ ಸಲ ಅವರು ರಸ್ತೆಗೆ ಭೂಮಿಪೂಜೆ ಮಾಡಲು ಗುದ್ದಲಿ ಹಿಡಿದು ಓಣಿಗೆ ಬಂದಾಗ ಹಾರ ಹಾಕುವ ಮೊದಲು ಒಂದು ಮಾತು ಕೇಳಿ: "ಸಾಹೇಬರ, ಈ ಗುದ್ದಲಿ ಹಿಡಿಯಬೇಕಾದ ನಮ್ಮ ಅಧ್ಯಕ್ಷರು ಎಲ್ಲಿ?"