ದ್ವೀಪಕ್ಕೆ ಬಂದವರು ಉಳಿಯುವುದು ಯಾವುದರಿಂದ?

2021ರ ಚುನಾವಣೆಗೆ ಮೊದಲು ಸ್ಕಾಟ್ಲೆಂಡಿನ ಆಡಳಿತ ಪಕ್ಷ ಎಸ್‌ಎನ್‌ಪಿ ತನ್ನ ಪ್ರಣಾಳಿಕೆಯಲ್ಲಿ ಹೊಸದೊಂದು ಭರವಸೆ ಸೇರಿಸಿತು. ಜನ ಖಾಲಿಯಾಗುತ್ತಿರುವ ದ್ವೀಪಗಳಿಗೆ ಹೋಗಿ ನೆಲೆಸುವ ಅಥವಾ ಅಲ್ಲೇ ಉಳಿದುಕೊಳ್ಳುವ ಯುವಜನರಿಗೆ ಮತ್ತು ಕುಟುಂಬಗಳಿಗೆ 50,000 ಪೌಂಡ್‌ವರೆಗೆ ನೆರವು. ನೂರು ಮಂದಿಗೆ, ಒಟ್ಟು 50 ಲಕ್ಷ ಪೌಂಡ್. ಸುದ್ದಿ ದೇಶ ದಾಟುವಷ್ಟರಲ್ಲಿ ‘ದ್ವೀಪದಲ್ಲಿ ಬದುಕಲು ಸರ್ಕಾರವೇ ದುಡ್ಡು ಕೊಡುತ್ತದಂತೆ’ ಎಂದಾಯಿತು. ಬಿಳಿ ಮರಳು, ಕುರಿಮಂದೆ, ಬರಿಗಾಲಲ್ಲಿ ಓಡುವ ಮಕ್ಕಳು ಇರುವ ಚಿತ್ರಗಳು ಜೊತೆಗೆ ಬಂದವು. ಮರುವರ್ಷವೇ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಅಭಿಪ್ರಾಯ ಕೇಳಿದಾಗ ದ್ವೀಪಗಳ ಜನರೇ ಇದಕ್ಕೆ ಉತ್ಸಾಹ ತೋರಲಿಲ್ಲ. ಹೊಸಬರ ಕೈಗೆ ಹಣ ಇಡುವ ಬದಲು ಮನೆ, ಹಡಗು, ಕೆಲಸದ ಬಗ್ಗೆ ಯೋಚಿಸಿ ಎಂಬುದು ಅವರ ಮಾತಿನ ಸಾರ.

2023ರಲ್ಲಿ ಐರ್ಲೆಂಡಿನ ಸರದಿ. ಅಲ್ಲಿನ ಸರ್ಕಾರ ಪ್ರಕಟಿಸಿದ್ದು ಕರಾವಳಿಯಾಚೆಯ ದ್ವೀಪಗಳಲ್ಲಿ 2008ಕ್ಕೆ ಮೊದಲು ಕಟ್ಟಿ, ಕನಿಷ್ಠ ಎರಡು ವರ್ಷ ಖಾಲಿ ಬಿದ್ದಿರುವ ಪಾಳುಮನೆಯ ದುರಸ್ತಿಗೆ 84,000 ಯೂರೊವರೆಗಿನ ಅನುದಾನವನ್ನು. ಅದನ್ನು ಜಗತ್ತಿನ ಮಾಧ್ಯಮಗಳು ‘ವಲಸೆ ಬಂದವರಿಗೆ ಬಹುಮಾನ’ ಎಂದು ಬರೆದವು. ನಮ್ಮ ದೇಶದ ಸುದ್ದಿತಾಣಗಳು ಮೊತ್ತವನ್ನು ರೂಪಾಯಿಗೆ ತಿರುಗಿಸಿ ಹಂಚಿದವು. ವೀಸಾದ ಮಾತೇ ಅದರಲ್ಲಿ ಇರಲಿಲ್ಲ. ಮೊದಲು ಮನೆ ಕೊಳ್ಳಬೇಕು, ರಿಪೇರಿ ಮಾಡಿಸಬೇಕು, ಆಮೇಲಷ್ಟೇ ಹಣ ಎಂಬುದನ್ನು ಹೇಳಿದರೆ ಸುದ್ದಿಗೆ ರುಚಿ ಇರುವುದಿಲ್ಲವಲ್ಲ!

ಇಂಥ ಸುದ್ದಿಗೆ ಮರುಳಾಗುವವರನ್ನು ಗೇಲಿ ಮಾಡುವುದು ಸುಲಭ. ನನಗೆ ಆ ಮನಸ್ಸಿಲ್ಲ. ಇಬ್ಬರೂ ದುಡಿದು, ಸಂಬಳದ ಅರ್ಧವನ್ನು ಬಾಡಿಗೆಗೋ ಕಂತಿಗೋ ಸುರಿದು, ಮಗು ಎದ್ದಿರುವ ಹೊತ್ತಿನಲ್ಲಿ ಮನೆ ಸೇರಲಾಗದ ಗಂಡಹೆಂಡಿರಿಗೆ ನೂರು ಜನರ ಊರು, ಹತ್ತು ಮಕ್ಕಳ ಶಾಲೆ, ಬಾಗಿಲಿಗೆ ಬೀಗ ಹಾಕದ ಬೀದಿ ಎಂದರೆ ಆಸೆಯಾಗದೆ ಇರುತ್ತದೆಯೇ? ಆಸೆ ನಿಜವಾದದ್ದೇ. ಆದರೆ ದ್ವೀಪದ ಬದುಕು ‘ಸರಳ’ ಎನ್ನುವ ಮಾತು ನಿಜವಲ್ಲ. ಬ್ರಿಟನ್ನಿನಲ್ಲಿ ಅತಿ ಹೆಚ್ಚು ವ್ಯವಸ್ಥೆ, ಅತಿ ಹೆಚ್ಚು ಸರ್ಕಾರಿ ಹಣ ಬೇಡುವ ಬದುಕುಗಳಲ್ಲಿ ಅದೂ ಒಂದು.

ಸರಳ ಬದುಕನ್ನು ಹುಡುಕಿಕೊಂಡು ದ್ವೀಪಕ್ಕೆ ಹೋದವರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಜಾರ್ಜ್ ಆರ್ವೆಲ್. ಬಿಹಾರದ ಮೋತಿಹಾರಿಯಲ್ಲಿ 1903ರಲ್ಲಿ ಹುಟ್ಟಿದ ಈ ಲೇಖಕ 1946ರ ಬೇಸಿಗೆಯಲ್ಲಿ ಲಂಡನ್ ಬಿಟ್ಟು ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆಯ ಜೂರಾ ದ್ವೀಪ ಸೇರಿದರು. ಹಿಂದಿನ ವರ್ಷ ಹೆಂಡತಿ ತೀರಿಕೊಂಡಿದ್ದರು. ದತ್ತು ಪಡೆದ ಮಗ ರಿಚರ್ಡ್‌ಗೆ ಆಗ ಎರಡು ವರ್ಷ. ದ್ವೀಪದ ಉತ್ತರ ತುದಿಯ ಬಾರ್ನ್‌ಹಿಲ್ ಎಂಬ ಒಂಟಿಮನೆ ಬಾಡಿಗೆಗೆ ಸಿಕ್ಕಿತು. ಕರೆಂಟಿಲ್ಲ, ಫೋನಿಲ್ಲ. ಕೊನೆಯ ಕೆಲವು ಮೈಲಿ ರಸ್ತೆ ಎಂಬುದು ಹೆಸರಿಗಷ್ಟೇ. ಗೆಳೆಯರನ್ನು ಕರೆಯುವಾಗ ಯಾವ ರೈಲು, ಯಾವ ಹಡಗು, ಎಲ್ಲಿ ಇಳಿದು ಎಲ್ಲಿ ಹತ್ತಬೇಕು ಎಂದು ಅವರು ಬರೆದ ಸೂಚನೆಗಳನ್ನು ಓದಿದರೇ ಸುಸ್ತಾಗುತ್ತದೆ. ತರಕಾರಿ ಬೆಳೆದರು, ಮೀನು ಹಿಡಿದರು, ಒಲೆಗೆ ಪೀಟ್ ಎಂಬ ಕೊಳೆತ ಪಾಚಿಯ ಮಣ್ಣನ್ನು ಕಡಿದು ಒಣಗಿಸಿದರು. ಮನೆವಾರ್ತೆ ಹೊತ್ತವರು ತಂಗಿ ಆವ್ರಿಲ್. ಆರ್ವೆಲ್ ಮಹಡಿಯ ಕೋಣೆಯಲ್ಲಿ ಕೂತು ‘ನೈನ್‌ಟೀನ್ ಎಯ್ಟಿ-ಫೋರ್’ ಬರೆಯಲು ಸಾಧ್ಯವಾಗಿದ್ದು ಕೆಳಗೆ ಇನ್ನೊಬ್ಬರು ಹಗಲಿಡೀ ದುಡಿಯುತ್ತಿದ್ದುದರಿಂದ. ಸರಳ ಬದುಕಿನ ಕಥನಗಳಲ್ಲಿ ಈ ‘ಇನ್ನೊಬ್ಬರು’ ಸಾಮಾನ್ಯವಾಗಿ ಹೆಂಗಸರೇ ಆಗಿರುತ್ತಾರೆ. ಪುಸ್ತಕದ ಮುಖಪುಟದಲ್ಲಿ ಮಾತ್ರ ಇರುವುದಿಲ್ಲ.

1947ರ ಆಗಸ್ಟಿನಲ್ಲಿ ಮಗನನ್ನೂ ಅಕ್ಕನ ಮಕ್ಕಳನ್ನೂ ದೋಣಿಯಲ್ಲಿ ಕರೆದೊಯ್ದಾಗ ಕೊರಿವ್ರೆಕನ್ ಎಂಬ ಸುಳಿಗೆ ಸಿಕ್ಕು ಎಂಜಿನ್ ಕಿತ್ತುಹೋಯಿತು. ಬಂಡೆಯೊಂದರ ಮೇಲೆ ಸಿಕ್ಕಿಕೊಂಡವರನ್ನು ಮೀನುಗಾರರು ಕಂಡು ಉಳಿಸಿದರು. ಆ ಡಿಸೆಂಬರಿಗೆ ಕ್ಷಯ ಉಲ್ಬಣಿಸಿ ಗ್ಲಾಸ್ಗೊ ಸಮೀಪದ ಹೇರ್‌ಮೈರ್ಸ್ ಆಸ್ಪತ್ರೆ ಸೇರಬೇಕಾಯಿತು. ಏಳು ತಿಂಗಳು ಅಲ್ಲೇ. ಆಗ ಬ್ರಿಟನ್ನಿನಲ್ಲಿ ಸುಲಭವಾಗಿ ಸಿಗದಿದ್ದ ಸ್ಟ್ರೆಪ್ಟೊಮೈಸಿನ್ ಔಷಧವನ್ನು ಅಮೆರಿಕದಿಂದ ತರಿಸಲು ಪತ್ರಿಕಾರಂಗದ ಗೆಳೆಯರು, ಕೊನೆಗೆ ಆರೋಗ್ಯ ಸಚಿವರೇ ನೆರವಾಗಬೇಕಾಯಿತು. ಮತ್ತೆ ಜೂರಾಕ್ಕೆ ಮರಳಿ ಕಾದಂಬರಿ ಮುಗಿಸಿದರು. 1949ರ ಜನವರಿಯಲ್ಲಿ ದ್ವೀಪ ಬಿಟ್ಟವರು ಹಿಂದಿರುಗಲಿಲ್ಲ. ಮರುವರ್ಷದ ಜನವರಿಯಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಆರ್ವೆಲ್ ಅವರಿಗೆ ಜೂರಾ ಇಷ್ಟವಾಗಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಆ ಎರಡೂವರೆ ವರ್ಷ ಸಾಗಿದ್ದು ಲಂಡನ್ನಿನ ಹಣ, ಗ್ಲಾಸ್ಗೊದ ಆಸ್ಪತ್ರೆ ಮತ್ತು ತಂಗಿಯ ದುಡಿಮೆಯ ಮೇಲೆ.

ಆರ್ವೆಲ್ ಅವರಿಗಿದ್ದ ಇಂಥ ಆಸರೆ ಇಲ್ಲದವರು ಏನಾದರು ಎಂಬುದಕ್ಕೆ ಸೇಂಟ್ ಕಿಲ್ಡಾ ಸಾಕ್ಷಿ. ಅಟ್ಲಾಂಟಿಕ್ ನಡುವಿನ ಆ ದ್ವೀಪದಲ್ಲಿ ಕಡಲಹಕ್ಕಿ ಹಿಡಿದು, ಕುರಿ ಸಾಕಿ ಶತಮಾನಗಳಿಂದ ಬದುಕಿದ್ದವರಲ್ಲಿ ಕೊನೆಗೆ ಉಳಿದವರು 36 ಜನ. ದುಡಿಯುವ ಪ್ರಾಯದವರು ಕರಗಿದ್ದರು, ಚಳಿಗಾಲದಲ್ಲಿ ವೈದ್ಯರಿಲ್ಲ, ಹಡಗಿಲ್ಲ. ತಮ್ಮನ್ನು ಕರೆದೊಯ್ಯಿರಿ ಎಂದು ಅವರೇ ಸರ್ಕಾರಕ್ಕೆ ಅರ್ಜಿ ಬರೆದರು. 1930ರ ಆಗಸ್ಟ್ 29ರಂದು ನೌಕಾಪಡೆಯ ಹಡಗು ಎಲ್ಲರನ್ನೂ ಒಯ್ಯಿತು. ಎಪ್ಪತ್ತು ವರ್ಷಗಳ ನಂತರ, 2000ನೇ ಇಸವಿಯಲ್ಲಿ, ಬಿಬಿಸಿ ವಾಹಿನಿ ಮಕ್ಕಳೊಂದಿಗರೂ ಸೇರಿದಂತೆ ಕೆಲವರನ್ನು ಜನವಸತಿ ಇಲ್ಲದ ಟ್ಯಾರನ್ಸೇ ದ್ವೀಪದಲ್ಲಿ ಒಂದು ವರ್ಷ ಬದುಕಲು ಬಿಟ್ಟು ಚಿತ್ರೀಕರಿಸಿತು. ಕಾಕತಾಳೀಯವೆಂದರೆ ಅವರೂ 36 ಜನ. ಬಡತನದಿಂದ ಬಿಟ್ಟುಬಂದದ್ದನ್ನು ಬಿಡುವಿದ್ದವರು ಟಿ.ವಿ. ಕಾರ್ಯಕ್ರಮವಾಗಿಸಿದರು. ಅವರಲ್ಲೂ ಕೆಲವರು ವರ್ಷ ತುಂಬುವ ಮೊದಲೇ ಹೊರಟರು.

ಈಗ ಹಡಗಿನ ವಿಷಯ. ಪಶ್ಚಿಮ ದ್ವೀಪಗಳಿಗೆ ಹಾಲು, ಗ್ಯಾಸ್, ಔಷಧ, ಶಾಲಾಮಕ್ಕಳು, ಶವಪೆಟ್ಟಿಗೆ ಎಲ್ಲವೂ ಹೋಗಿ ಬರುವುದು ಸರ್ಕಾರಿ ಸ್ವಾಮ್ಯದ ಕ್ಯಾಲ್‌ಮ್ಯಾಕ್ ಕಂಪನಿಯ ಫೆರ್ರಿಗಳಲ್ಲಿ. 2015ರಲ್ಲಿ 9.7 ಕೋಟಿ ಪೌಂಡಿಗೆ ಎರಡು ಹೊಸ ಹಡಗುಗಳಿಗೆ ಆದೇಶ ಕೊಡಲಾಯಿತು, 2018ರಲ್ಲಿ ಬರಬೇಕಿತ್ತು. ನಡುವೆ ಹಡಗುಕಟ್ಟೆಯನ್ನೇ ಸರ್ಕಾರ ಕೊಳ್ಳಬೇಕಾಯಿತು, ವೆಚ್ಚ ಹಲವು ಪಟ್ಟು ಏರಿತು, ಮೊದಲನೆಯದಾದ ಗ್ಲೆನ್ ಸ್ಯಾನಕ್ಸ್ ಸೇವೆಗೆ ಇಳಿದದ್ದು 2025ರ ಜನವರಿಯಲ್ಲಿ. ಅಲ್ಲಿಯತನಕ ಹಳೆಯ ಹಡಗು ಕೆಟ್ಟಾಗಲೆಲ್ಲ ಒಂದು ದ್ವೀಪದ ಫೆರ್ರಿಯನ್ನು ಕಿತ್ತು ಇನ್ನೊಂದಕ್ಕೆ ಕೊಡುವುದೇ ಆಡಳಿತವಾಯಿತು. 2023ರ ಜೂನಿನಲ್ಲಿ ಸೌತ್ ಯೂಯಿಸ್ಟ್ ದ್ವೀಪದ ಲಾಕ್‌ಬಾಯ್ಸ್‌ಡೇಲಿಗೆ ಬಹುತೇಕ ತಿಂಗಳಿಡೀ ಸೇವೆ ರದ್ದಾದಾಗ ನೂರಾರು ಜನ ತಮ್ಮ ಕಾರು, ಲಾರಿಗಳೊಂದಿಗೆ ಬಂದರಿನಲ್ಲಿ ಜಮಾಯಿಸಿ ಪ್ರತಿಭಟಿಸಿದರು.

ಶರಾವತಿ ಹಿನ್ನೀರಿನಾಚೆಯ ತುಮರಿಯವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯುವವರೆಗೆ ಅವರ ದಿನಚರಿಯನ್ನು ಬರೆದದ್ದು ಲಾಂಚ್. ಸಂಜೆ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದರೆ ಏನು ಎಂಬ ಪ್ರಶ್ನೆ ಹೊತ್ತ ಊರನ್ನು ಪ್ರವಾಸಿ ಮಾತ್ರ ‘ಎಷ್ಟು ಪ್ರಶಾಂತ’ ಎನ್ನಬಲ್ಲ. ತುಮರಿಯವರು ಆರು ದಶಕ ಕೇಳಿದ್ದು ಸೇತುವೆಯನ್ನು. ಪ್ರಶಾಂತತೆಯನ್ನು ಯಾರೂ ಅರ್ಜಿ ಹಾಕಿ ಕೇಳಲಿಲ್ಲ.

ಎಳೆಯ ಮಕ್ಕಳಿರುವ ಕುಟುಂಬದ ಮಟ್ಟಿಗೆ ಲೆಕ್ಕ ತಪ್ಪುವುದು ಇನ್ನೊಂದು ಕಡೆ. ಸ್ಕಾಟ್ಲೆಂಡಿನ ಎಗ್, ರಮ್, ಮಕ್, ಕ್ಯಾನಾ ಎಂಬ ನಾಲ್ಕು ಪುಟ್ಟ ದ್ವೀಪಗಳ ಮಕ್ಕಳು ಪ್ರಾಥಮಿಕ ಶಾಲೆ ಮುಗಿಸಿ ಹನ್ನೆರಡರ ಆಸುಪಾಸಿನಲ್ಲಿ ಮುಖ್ಯಭೂಮಿಯ ಮ್ಯಾಲೆಗ್ ಊರಿನ ಹೈಸ್ಕೂಲು ಸೇರಬೇಕು. ವಾರವಿಡೀ ಹಾಸ್ಟೆಲ್, ಸಮುದ್ರ ಒಪ್ಪಿದರೆ ವಾರಾಂತ್ಯಕ್ಕೆ ಮನೆ. ಮಗುವಿನ ಜೊತೆ ಹೆಚ್ಚು ಹೊತ್ತು ಇರಬೇಕೆಂದು ನಗರ ಬಿಟ್ಟವರು, ಮಗು ಹನ್ನೆರಡು ಮುಟ್ಟಿದಾಗ ಅದನ್ನು ಹಡಗು ಹತ್ತಿಸಿ ಕಳುಹಿಸಬೇಕು, ಇಲ್ಲವೇ ತಾವೂ ಗಂಟುಮೂಟೆ ಕಟ್ಟಬೇಕು. ದೊಡ್ಡ ದ್ವೀಪಗಳಲ್ಲಿ ಹೈಸ್ಕೂಲು ಇದೆ, ಸಣ್ಣ ಆಸ್ಪತ್ರೆಯೂ ಇದೆ. ಅಲ್ಲಿ ಸಿಗದಿರುವುದು ಸಿಬ್ಬಂದಿ. ಯೂಯಿಸ್ಟ್ ಮತ್ತು ಬೆನ್‌ಬೆಕ್ಯುಲಾಕ್ಕೆ ವೈದ್ಯರನ್ನು ಹುಡುಕಲು 2023ರಲ್ಲಿ ಆರೋಗ್ಯ ಮಂಡಳಿ ಮಾಮೂಲಿಗಿಂತ ಶೇ 40ರಷ್ಟು ಹೆಚ್ಚಿಸಿ, ವರ್ಷಕ್ಕೆ 1.5 ಲಕ್ಷ ಪೌಂಡ್‌ವರೆಗೆ ಸಂಬಳ ಕೊಡುತ್ತೇವೆಂದು ಜಾಹೀರಾತು ಹಾಕಿತು. ಡಿಸೆಂಬರಿನಲ್ಲಿ ಆರೂವರೆ ತಾಸಷ್ಟೇ ಹಗಲು, ಉಳಿದದ್ದು ಗಾಳಿ ಮತ್ತು ಕತ್ತಲು ಎಂಬುದನ್ನು ಜೂನಿನಲ್ಲಿ ಮನೆ ನೋಡಲು ಬಂದವರಿಗೆ ಯಾರೂ ಹೇಳುವುದಿಲ್ಲ.

ಇಷ್ಟಾದರೂ ದ್ವೀಪಗಳಿಗೆ ಬರುವವರಿದ್ದಾರೆ. ಹಾಗಿದ್ದೂ ಜನಸಂಖ್ಯೆ ಏಕೆ ಕುಸಿಯುತ್ತಿದೆ? ಪಶ್ಚಿಮ ದ್ವೀಪಗಳ ಜಿಲ್ಲೆಯಲ್ಲಿ 2011ರಲ್ಲಿ ಸುಮಾರು 27,700 ಇದ್ದ ಜನ 2022ರ ಗಣತಿಗೆ ಸುಮಾರು 26,100ಕ್ಕೆ ಇಳಿದರು. ಉತ್ತರದ ಒಂದು ಭಾಗ ಮನೆಯಲ್ಲಿದೆ. ನಗರದ ಫ್ಲ್ಯಾಟ್ ಮಾರಿದವರಿಗೆ ದ್ವೀಪದ ಮನೆ ಅಗ್ಗ; ಮೀನುಗಾರಿಕೆ, ಆರೈಕೆ ಕೆಲಸ, ಅರೆಕಾಲಿಕ ನೌಕರಿ ಸೇರಿಸಿ ಬದುಕುವ ಅಲ್ಲಿನ ಹುಡುಗನಿಗೆ ಅದೇ ಮನೆ ಕೈಗೆಟುಕುವುದಿಲ್ಲ. ಕೊಂಡವರು ರಜೆಗಷ್ಟೇ ಬಂದರೆ ಚಳಿಗಾಲಕ್ಕೆ ಕಿಟಕಿ ಕತ್ತಲು, ಶಾಲೆಗೆ ಒಂದು ಮಗು ಕಡಿಮೆ. 2024ರ ಏಪ್ರಿಲಿನಿಂದ ಎರಡನೇ ಮನೆಗೆ ದುಪ್ಪಟ್ಟು ತೆರಿಗೆ ಹಾಕುವ ಅಧಿಕಾರ ಸ್ಕಾಟ್ಲೆಂಡಿನ ಸ್ಥಳೀಯ ಸಂಸ್ಥೆಗಳಿಗೆ ಬಂದಿದೆ. ತಡವಾಯಿತು ಎನ್ನುವವರೇ ಹೆಚ್ಚು.

ಭಾಷೆಯ ಪ್ರಶ್ನೆಯೂ ಇದೆ, ಕನ್ನಡದ ಓದುಗರಿಗೆ ಇದು ಬೇಗ ತಟ್ಟೀತು. ಪಶ್ಚಿಮ ದ್ವೀಪಗಳು ಗೇಲಿಕ್ ಭಾಷೆಯ ಕೊನೆಯ ನೆಲೆ. 2011ರಲ್ಲಿ ಅರ್ಧಕ್ಕೂ ಹೆಚ್ಚು ಜನ ಅದನ್ನು ಆಡಬಲ್ಲವರಾಗಿದ್ದರೆ, 2022ರಲ್ಲಿ ಪ್ರಮಾಣ ಶೇ 45ಕ್ಕೆ ಬಂತು. ಇಪ್ಪತ್ತು ಮಕ್ಕಳ ಶಾಲೆಗೆ ಇಂಗ್ಲಿಷ್ ಮಾತ್ರ ಬಲ್ಲ ಎರಡು ಕುಟುಂಬ ಬಂದರೆ ಸಾಕು, ಆಟದ ಮೈದಾನದ ಮಾತು ಬದಲಾಗುತ್ತದೆ. ಬಂದವರು ಕೆಟ್ಟವರಲ್ಲ, ಅವರ ಮಕ್ಕಳಿಲ್ಲದಿದ್ದರೆ ಶಾಲೆಯೇ ಮುಚ್ಚುತ್ತಿತ್ತು. ಈ ಇಕ್ಕಟ್ಟಿಗೆ 2020ರಲ್ಲಿ ಅಲ್ಲಿನ ಸ್ಥಳೀಯ ಆಡಳಿತ ಕಂಡುಕೊಂಡ ದಾರಿ ನನಗೆ ಸರಿ ಎನಿಸುತ್ತದೆ: ಪೋಷಕರು ಬೇಡವೆಂದು ಬರೆದುಕೊಡದಿದ್ದರೆ ಒಂದನೇ ತರಗತಿಗೆ ಸೇರುವ ಮಗುವಿಗೆ ಗೇಲಿಕ್ ಮಾಧ್ಯಮವೇ.

ಹಾಗಾದರೆ ಎಲ್ಲೂ ಯಶಸ್ಸಿಲ್ಲವೇ? ಇದೆ. ಎಗ್ ದ್ವೀಪವನ್ನು ನೋಡಬೇಕು. ಸುಮಾರು 31 ಚದರ ಕಿ.ಮೀ. ವಿಸ್ತೀರ್ಣದ ಈ ದ್ವೀಪ ಇಡಿಯಾಗಿ ಒಬ್ಬ ಒಡೆಯನಿಂದ ಇನ್ನೊಬ್ಬನಿಗೆ ಮಾರಾಟವಾಗುತ್ತಿತ್ತು, ಒಕ್ಕಲುಗಳ ಸಮೇತ. ಮನೆಗೆ ಭದ್ರವಾದ ಕರಾರಿಲ್ಲ. ಒಡೆಯ ಎದ್ದುಹೋಗೆಂದರೆ ಹೋಗಬೇಕು. ನಾಳೆ ತನ್ನದಲ್ಲದ ಮನೆಯ ಸೋರುವ ಮಾಡನ್ನು ಯಾರು ಸರಿಮಾಡಿಸಿಯಾರು? 1974ರ ಭೂಸುಧಾರಣೆಗೆ ಮುಂಚಿನ ನಮ್ಮ ಗೇಣಿದಾರರ ಸ್ಥಿತಿ ಬಲ್ಲವರಿಗೆ ಇದು ಹೊಸತಲ್ಲ. 1997ರ ಜೂನ್ 12ರಂದು ಅಲ್ಲಿಯ ನಿವಾಸಿಗಳು, ಸ್ಥಳೀಯ ಆಡಳಿತ ಮತ್ತು ಒಂದು ವನ್ಯಜೀವಿ ಸಂಸ್ಥೆ ಸೇರಿ ಕಟ್ಟಿದ ಟ್ರಸ್ಟ್, ದೇಣಿಗೆ ಎತ್ತಿ 15 ಲಕ್ಷ ಪೌಂಡಿಗೆ ದ್ವೀಪವನ್ನು ಕೊಂಡಿತು. ದೊಡ್ಡ ಪಾಲು ಹೆಸರು ಹೇಳದ ದಾನಿಯೊಬ್ಬರದು. ಆಗ ಅಲ್ಲಿದ್ದವರು ಸುಮಾರು 65 ಜನ.

ಟ್ರಸ್ಟ್ ಮೊದಲು ಮಾಡಿದ ಕೆಲಸಗಳಲ್ಲಿ ರೋಚಕವಾದದ್ದೇನೂ ಇಲ್ಲ. ಬಾಡಿಗೆದಾರರಿಗೆ ದೀರ್ಘಾವಧಿ ಕರಾರು, ಮನೆಗಳ ದುರಸ್ತಿ, ಜೆಟ್ಟಿಯ ಬಳಿ ಅಂಗಡಿ ಮತ್ತು ಚಹಾದಂಗಡಿಗೆ ಕಟ್ಟಡ. 2008ರವರೆಗೆ ಮನೆಮನೆಗೂ ಡೀಸೆಲ್ ಜನರೇಟರ್ ಇತ್ತು. ಆ ವರ್ಷ ಜಲ, ಗಾಳಿ, ಬಿಸಿಲು ಮೂರನ್ನೂ ಜೋಡಿಸಿದ ಸ್ವಂತ ವಿದ್ಯುತ್ ಜಾಲ ಶುರುವಾಯಿತು. ಒಂದು ಷರತ್ತಿದೆ. ಯಾವ ಮನೆಯೂ ಏಕಕಾಲಕ್ಕೆ 5 ಕಿಲೋವಾಟ್ ಮೀರಿ ಬಳಸುವಂತಿಲ್ಲ. ಮೀರಿದರೆ ಆ ಮನೆಯ ಕರೆಂಟ್ ಹೋಗುತ್ತದೆ. ಬಡವರಿಗೊಂದು, ಹಣವಂತರಿಗೊಂದು ಮಿತಿ ಇಲ್ಲ. ಜನಸಂಖ್ಯೆ ನೂರು ದಾಟಿದೆ. ಓದಲು ಹೋದ ಮಕ್ಕಳಲ್ಲಿ ಕೆಲವರು ಸಂಗಾತಿಯೊಂದಿಗೆ ಮರಳಿದ್ದಾರೆ. 2002ರಲ್ಲಿ ಹೀಗೆಯೇ ತಮ್ಮ ದ್ವೀಪ ಕೊಂಡ ಗಿಗಾದವರ ಸಂಖ್ಯೆಯೂ ಸುಮಾರು 98ರಿಂದ 2011ರ ಹೊತ್ತಿಗೆ 160 ದಾಟಿತ್ತು. ಇಲ್ಲೂ ಸಾಲದ ತಾಪತ್ರಯ, ಜಗಳ ಎಲ್ಲ ಇವೆ; ಸಣ್ಣ ಊರಿನ ಜಗಳ ದೊಡ್ಡದು, ತಪ್ಪಿಸಿಕೊಳ್ಳಲು ಜಾಗವೂ ಇರುವುದಿಲ್ಲ.

ಬಂದವರಿಗೆ ಯಾರೂ 50,000 ಪೌಂಡ್ ಕೊಡದೆಯೇ ಇಷ್ಟೆಲ್ಲ ಆಯಿತು ಎಂಬುದು ಸ್ಕಾಟ್ಲೆಂಡ್, ಐರ್ಲೆಂಡ್ ಮಾತ್ರವಲ್ಲ, ಹಳ್ಳಿ ಖಾಲಿಯಾಗುತ್ತಿರುವ ಯಾವ ಸರ್ಕಾರವೂ ಗಮನಿಸಬೇಕಾದ ಸಂಗತಿ. ಒಂದು ಬಾರಿಯ ಹಣ ಕುಟುಂಬವನ್ನು ಜೆಟ್ಟಿಯವರೆಗೆ ತಂದೀತು. ಆ ಕುಟುಂಬ ಹತ್ತು ವರ್ಷ ಉಳಿಯಬೇಕಾದರೆ ಎಬ್ಬಿಸಲಾಗದ ಬಾಡಿಗೆ ಮನೆ, ಹೇಳಿದ ಹೊತ್ತಿಗೆ ಬರುವ ಹಡಗು, ಊರಿನ ನಿರ್ಧಾರದಲ್ಲಿ ಒಂದು ಮತ ಬೇಕು. ಇವು ಮೊದಲಿನಿಂದ ಇದ್ದವರಿಗೆ ಸಿಕ್ಕರೆ ಬಂದವರಿಗೂ ಸಿಗುತ್ತವೆ. ಬಂದವರಿಗಷ್ಟೇ ಕೊಡಲು ಹೋದರೆ ಇಬ್ಬರಿಗೂ ದಕ್ಕುವುದಿಲ್ಲ.

ಇನ್ನು, ಹೊರಡಲು ನಿರ್ಧರಿಸಿರುವ ಗಂಡಹೆಂಡಿರಿಗೆ ಒಂದು ಮಾತು. ನಗರದ ಮನೆಯನ್ನು ಈಗಲೇ ಮಾರಬೇಡಿ. ಜೂನಿನಲ್ಲಿ ಹದಿನೈದು ದಿನ ಇದ್ದು ಬಂದು ಮುಂಗಡ ಕೊಡಬೇಡಿ. ನವೆಂಬರಿನಿಂದ ಫೆಬ್ರುವರಿಯವರೆಗೆ ಬಾಡಿಗೆಗೆ ಇದ್ದು ನೋಡಿ. ಅಲ್ಲಿಯ ಶಾಲೆಯಲ್ಲಿ ಓದಿ ಬೆಳೆದವರನ್ನು, ಅದರಲ್ಲೂ ಊರು ಬಿಟ್ಟು ಹೋದವರನ್ನು, ಮಾತಾಡಿಸಿ. ಆಮೇಲೂ ಮನಸ್ಸಿದ್ದರೆ ಖಂಡಿತ ಹೋಗಿ.